ಸೇನಾನಿಯೂ ಸರಸ್ವತೀ ಮಂದಿರವೂ

ಪರೀಕ್ಷೆಯ ಫಲಿತಾಂಶ ತಡವಾದಾಗಲೆಲ್ಲ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಮಿಲಿಟರಿಯವರೊಬ್ಬರನ್ನು ತಂದು ಕುಲಪತಿಗಳ ಪೀಠದಲ್ಲಿ ಕೂರಿಸಬೇಕು ಸ್ವಾಮಿ, ಎಲ್ಲವೂ ತಾನಾಗಿ ನೆಟ್ಟಗಾಗುತ್ತದೆ.” ನಾನೂ ತಲೆಯಾಡಿಸಿದ್ದುಂಟು. ಆದರೆ ಹಾಗೆ ಕೂರಿಸಿ ನೋಡಿದವರ ಅನುಭವವನ್ನು ವಿಚಾರಿಸಿದರೆ, ತಲೆಯಾಡಿಸುವ ಮುನ್ನ ಸ್ವಲ್ಪ ತಡೆಯಬೇಕೆನಿಸುತ್ತದೆ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯ 1754ರಲ್ಲಿ ಸ್ಥಾಪಿತವಾದುದು. 1948ರಲ್ಲಿ ಅದರ ಅಧ್ಯಕ್ಷರಾಗಿ ಬಂದವರು ಜನರಲ್ ಡ್ವೈಟ್ ಐಸೆನ್‌ಹೋವರ್. 1944ರ ಜೂನ್ 6ರಂದು ನಾರ್ಮಂಡಿಯ ತೀರದಲ್ಲಿ ಮಿತ್ರರಾಷ್ಟ್ರಗಳ ಸೇನೆಯನ್ನು ಇಳಿಸಿದ ಮಹಾದಂಡನಾಯಕರು. ಅವರು ವಿದ್ವಾಂಸರಲ್ಲ. ಅವರನ್ನು ಕುರಿತ ಒಂದು ಕಥೆ ಅಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಭೌತವಿಜ್ಞಾನಿ ರಾಬಿಯವರು 1944ರ ನೊಬೆಲ್ ಪಾರಿತೋಷಕವನ್ನು ಪಡೆದವರು. ವಿಶ್ವವಿದ್ಯಾನಿಲಯದ ನೌಕರರೊಬ್ಬರಿಗೆ ಇಂಥ ಗೌರವ ದೊರೆತದ್ದು ಸಂತೋಷವೆಂದು ಜನರಲ್ ಅಂದರಂತೆ. ಅಧ್ಯಾಪಕರು ವಿಶ್ವವಿದ್ಯಾನಿಲಯದ ನೌಕರರಲ್ಲ, ಅವರೇ ವಿಶ್ವವಿದ್ಯಾನಿಲಯ ಎಂದು ರಾಬಿ ತಿದ್ದಿದರಂತೆ.

ಈ ಕಥೆಯನ್ನು ಕೇಳಿ ನಾವು ಅಧ್ಯಾಪಕರು ಮೀಸೆಯಡಿಯಲ್ಲಿ ನಗುತ್ತೇವೆ. ಇಷ್ಟಕ್ಕೇ ನಿಲ್ಲಿಸಿದರೆ ಅನ್ಯಾಯವಾದೀತು. ಅದೇ 1948ರಲ್ಲಿ ಕೊಲಂಬಿಯಾದಲ್ಲಿ ಪೋಲಿಷ್ ಭಾಷಾಸಾಹಿತ್ಯಗಳಿಗಾಗಿ, ಕವಿ ಮಿಕಿಯೆವಿಚ್‌ನ ಹೆಸರಿನಲ್ಲಿ, ಒಂದು ಪೀಠ ಏರ್ಪಟ್ಟಿತು. ಹಣ ಕೊಟ್ಟದ್ದು ಪೋಲೆಂಡಿನ ಕಮ್ಯುನಿಸ್ಟ್ ಸರ್ಕಾರ. ದೊಡ್ಡ ಗದ್ದಲವೆದ್ದಿತು, ಪ್ರತಿಭಟಿಸಿ ಅಧ್ಯಾಪಕರೊಬ್ಬರು ರಾಜೀನಾಮೆಯನ್ನೂ ಕೊಟ್ಟರು. ಜನರಲ್ ಮಾತ್ರ ಪೀಠವನ್ನು ಬಿಟ್ಟುಕೊಡಲಿಲ್ಲ. ಭಾಷೆಯೊಂದನ್ನು ಕಲಿಸಿ ಬದುಕುವ ನನಗೆ ಇದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಅವರಿಗೆ ಹಿಂದೆ, 1902ರಿಂದ 1945ರವರೆಗೆ, ಆ ಪದವಿಯಲ್ಲಿದ್ದ ನಿಕೋಲಸ್ ಬಟ್ಲರ್ ತತ್ತ್ವಶಾಸ್ತ್ರವನ್ನು ಓದಿದವರು. 1931ರ ಶಾಂತಿ ಪಾರಿತೋಷಕದಲ್ಲಿ ಪಾಲುಪಡೆದವರು. ಆದರೂ ಅವರ ಕಾಲದಲ್ಲೇ, 1917ರಲ್ಲಿ, ಸರ್ಕಾರದ ಯುದ್ಧನೀತಿಯನ್ನು ವಿರೋಧಿಸಿದ ಇಬ್ಬರು ಪ್ರಾಧ್ಯಾಪಕರು ಕೆಲಸ ಕಳೆದುಕೊಂಡರು. ಪಂಡಿತನ ಕಾಲದಲ್ಲಿ ಆಜ್ಞೆ ನಡೆಯಿತು. ಸೈನಿಕನ ಕಾಲದಲ್ಲಿ ವಿದ್ಯೆಗೆ ರಕ್ಷಣೆ ದೊರೆಯಿತು. ತೊಟ್ಟ ಉಡುಪಿನಿಂದ ಮನುಷ್ಯನನ್ನು ಅಳೆಯುವುದು ಸಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಹಾಗಾದರೆ ಜನರಲ್ಲರ ಲೋಪ ಯಾವುದು? ಅವರು ಅಲ್ಲಿ ನೆಲೆ ನಿಲ್ಲಲಿಲ್ಲ. 1950ರ ಕೊನೆಯಲ್ಲಿ ನೇಟೋ ಸೇನೆಯ ನಾಯಕತ್ವಕ್ಕೆ ಕರೆ ಬಂದಿತು. ರಜೆಯ ಮೇಲೆ ಯೂರೋಪಿಗೆ ಹೋದರು. 1952ರಲ್ಲಿ ಅಮೆರಿಕದ ರಾಷ್ಟ್ರಾಧ್ಯಕ್ಷರಾಗಿ ಚುನಾಯಿತರಾದರು. 1953ರ ಜನವರಿಯವರೆಗೂ ಕೊಲಂಬಿಯಾದ ಪೀಠ ಅವರ ಹೆಸರಿನಲ್ಲೇ ಇತ್ತು! ದೊಡ್ಡ ಹೆಸರು ಬೇಕೆಂದು ಆಶಿಸಿದವರಿಗೆ ಹೆಸರಷ್ಟೇ ಉಳಿಯಿತು.

ಶಿಸ್ತು ಬೇಡವೆಂದು ನಾನು ಹೇಳುತ್ತಿಲ್ಲ. ಗಂಟೆಗೆ ಸರಿಯಾಗಿ ಪಾಠ, ಕಾಲಕ್ಕೆ ಸರಿಯಾಗಿ ಫಲಿತಾಂಶ, ಇವು ವಿದ್ಯಾರ್ಥಿಗೆ ನಾವು ತೀರಿಸಬೇಕಾದ ಋಣ. ಆದರೆ ರಣರಂಗದಲ್ಲಿ ಎದುರುತ್ತರ ಅಪರಾಧ. ತರಗತಿಯಲ್ಲಿ ಅದೇ ವಿದ್ಯೆಯ ಆರಂಭ. ಈ ಭೇದವನ್ನರಿತು, ಹತ್ತು ವರ್ಷ ಅಲ್ಲೇ ಕುಳಿತು ಕೇಳುವ ತಾಳ್ಮೆಯಿರುವವರು ದಂಡಿನಿಂದ ಬಂದರೇನು, ಗ್ರಂಥಭಂಡಾರದಿಂದ ಬಂದರೇನು? ಮುಂದಿನ ಸಲ ಆ ಹಳೆಯ ಮಾತು ಕೇಳಿಬಂದಾಗ, ತಲೆಯಾಡಿಸುವ ಬದಲು ನನ್ನ ಮಿತ್ರರನ್ನು ಇಷ್ಟೇ ಕೇಳಬೇಕೆಂದಿದ್ದೇನೆ: ಫಲಿತಾಂಶ ತಡವಾದದ್ದು ಪೀಠದಲ್ಲಿ ಕುಳಿತವರಿಂದಲೋ, ಉತ್ತರಪತ್ರಿಕೆಗಳನ್ನು ಮನೆಯಲ್ಲಿಟ್ಟುಕೊಂಡು ಕುಳಿತ ನಮ್ಮಿಂದಲೋ?