ಹಿತ್ತಲ ಪಕ್ಕ ಮೈಲುತುತ್ತು ಕಲಸುವುದು ನಿಲ್ಲಲಿ

ಹಾನುಬಾಳು ಹೋಬಳಿಯ ಬೆಳೆಗಾರರೇ, ಲೈನ್‌ಮನೆಯ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಮುಂಗಾರಿಗೆ ಮೊದಲು ಒಂದು ಸುತ್ತು, ಮಳೆ ಹೊಳವಾದಾಗ ಇನ್ನೊಂದು ಸುತ್ತು ಮೈಲುತುತ್ತಿನ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅರೇಬಿಕಾ ಕಾಫಿಯ ಎಲೆ ತುಕ್ಕಿಗೂ ಮೆಣಸಿನ ಸೊರಗು ರೋಗಕ್ಕೂ ಅದು ಬೇಕು. ಔಷಧಿಯೇ ಬೇಡ ಎಂದು ನಾವು ಹೇಳುತ್ತಿಲ್ಲ. ಕಲಸುವ ಜಾಗ ಬದಲಾಗಬೇಕು, ಅಷ್ಟೇ.

ನೀರು ಹತ್ತಿರ ಸಿಗುತ್ತದೆಂದು ಡ್ರಮ್ಮು ಇಡುವುದು ಬಾವಿಯ ಪಕ್ಕ, ತೋಟದ ಕಾರ್ಮಿಕರ ಲೈನ್‌ಮನೆಯ ನಲ್ಲಿಯ ಪಕ್ಕ. ಒಂದು ಪರ್ಸೆಂಟ್ ದ್ರಾವಣದ 200 ಲೀಟರ್ ಡ್ರಮ್ಮಿಗೆ 2 ಕೆಜಿ ಮೈಲುತುತ್ತು ಬೀಳುತ್ತದೆ. ಅದರಲ್ಲಿ ಕಾಲು ಭಾಗ, ಅಂದರೆ ಅರ್ಧ ಕೆಜಿ, ತಾಮ್ರ. ಚೆಲ್ಲಿದ್ದು, ಸೋರಿದ್ದು, ಡ್ರಮ್ಮು ತೊಳೆದದ್ದು ಎಲ್ಲವೂ ವರ್ಷವರ್ಷ ಅದೇ ನಾಲ್ಕು ಮಾರು ನೆಲಕ್ಕೆ ಇಳಿಯುತ್ತದೆ. ಪಕ್ಕದಲ್ಲೇ ಬಸಳೆ ಚಪ್ಪರ, ಹರಿವೆ ಮಡಿ. ಮಾಲೀಕರು ಸಕಲೇಶಪುರದ ಪೇಟೆಯಿಂದ ತರಕಾರಿ ತಂದಾರು. ಲೈನ್‌ಮನೆಯವರ ಸಾರಿಗೆ ಆ ಗೇಣು ನೆಲವೇ ಗತಿ.

ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ಮೇಲ್ಮಣ್ಣಿಗೆ ಅಂಟಿ ಕೂರುತ್ತದೆ. ನಮ್ಮ ಮಲೆನಾಡಿನ ಹುಳಿ ಮಣ್ಣಿನಲ್ಲಿ ಬೇರಿಗೆ ಇನ್ನೂ ಬೇಗ ತಗುಲುತ್ತದೆ. ಅದು ಮಿತಿಮೀರಿದ ಕಡೆ ಎರೆಹುಳು ಇರುವುದಿಲ್ಲ, ಬೇರು ಮೊಂಡಾಗುತ್ತದೆ, ಎಲೆ ಹಳದಿಗೆ ತಿರುಗುತ್ತದೆ. 1880ರ ದಶಕದಲ್ಲಿ ಈ ದ್ರಾವಣ ಹುಟ್ಟಿದ ಫ್ರಾನ್ಸಿನ ದ್ರಾಕ್ಷಿ ತೋಟಗಳ ಮಣ್ಣಿನಲ್ಲೂ ಹೀಗೆಯೇ ತಾಮ್ರ ಸೇರಿಕೊಂಡಿದೆ. ಈಗ ಯುರೋಪ್ ಒಕ್ಕೂಟದಲ್ಲಿ ಹೆಕ್ಟೇರಿಗೆ 7 ವರ್ಷಕ್ಕೆ 28 ಕೆಜಿ ತಾಮ್ರದ ಮಿತಿ ಇದೆ.

ಹಿತ್ತಲ ಮಣ್ಣಿಗೆ ಸೇರುವ ಇನ್ನೊಂದು ಲೋಹ ಸೀಸ, ಅದು ತಾಮ್ರಕ್ಕಿಂತ ಕೆಟ್ಟದ್ದು. ಮಕ್ಕಳ ಮಿದುಳಿಗೇ ಪೆಟ್ಟು. ಬಣ್ಣ ಬಳಿದ ಹಳೇ ಬಾಗಿಲು, ಕಿಟಕಿಗಳನ್ನು ಒಲೆಗೆ ಹಾಕಬೇಡಿ, ಆ ಬೂದಿಯನ್ನು ಗಿಡದ ಬುಡಕ್ಕೆ ಸುರಿಯಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಯಾದದ್ದೇ 2017ರ ನವೆಂಬರಿನಲ್ಲಿ. ಹಳೇ ಬ್ಯಾಟರಿಯನ್ನು ಅಂಗಳದಲ್ಲಿ ಒಡೆಯುವುದಂತೂ ಬೇಡವೇ ಬೇಡ. ಮಣ್ಣಾಡಿದ ಕೈಯನ್ನು ಮಗು ಬಾಯಿಗಿಡುತ್ತದೆ.

ಮಾಲೀಕರೇ, ಡ್ರಮ್ಮಿನ ಜಾಗವನ್ನು ಮನೆ, ಬಾವಿ, ಹಳ್ಳಗಳಿಂದ ದೂರ, ತೋಟದೊಳಗೆ ಸಿಮೆಂಟ್ ನೆಲದ ಮೇಲೆ ಮಾಡಿಸಿ. ಪೈಪು ಎಳೆಯುವ ಖರ್ಚಿಗೆ ಹಿಂದೆಗೆಯಬೇಡಿ. ಡ್ರಮ್ಮು ತೊಳೆದ ನೀರನ್ನು ಮುಂದಿನ ಡ್ರಮ್ಮಿಗೇ ಬಳಸಿ. ಹಳೇ ಜಾಗದಲ್ಲಿ ಸೊಪ್ಪು ಹಾಕುವುದನ್ನು ಇಂದೇ ನಿಲ್ಲಿಸಿ. ಅಲ್ಲಿನ ಮಣ್ಣನ್ನು ಪರೀಕ್ಷೆಗೆ ಕೊಡುವಾಗ ತಾಮ್ರ, ಸೀಸ ಎರಡನ್ನೂ ನೋಡಿಕೊಡಿ ಎಂದು ಬರೆದು ಕೇಳಿ. ಲೈನ್‌ಮನೆಯ ಹಿತ್ತಲುಗಳ ಪರೀಕ್ಷೆಯ ಖರ್ಚನ್ನು ತೋಟವೇ ಕೊಡಬೇಕು. ಮುಂದಿನ ಗ್ರಾಮಸಭೆಯಲ್ಲಿ ಎಲ್ಲರೂ ಒಟ್ಟಾಗಿ ಇದನ್ನು ಕೇಳೋಣ.