ನಂದಿದುರ್ಗದ ಮೇಲಿನ ಭಾರ

ಪ್ರಶಾಂತತೆಯನ್ನು ಅರಸಿ ಮಸ್ಸೂರಿ, ನೈನಿತಾಲ್‌ಗಳಿಗೆ ತೆರಳುವ ಬೆಂಗಳೂರಿನ ನಾಗರಿಕರು ತಮ್ಮ ನೆರೆಯ ನಂದಿದುರ್ಗದ ಸ್ಥಿತಿಯನ್ನು ಒಮ್ಮೆ ಆಲೋಚಿಸುವುದು ಒಳಿತು. ಸುಮಾರು 4,850 ಅಡಿ ಎತ್ತರದ ಈ ಗಿರಿಯಲ್ಲಿ ಕಬ್ಬನ್ ಸಾಹೇಬರು ಬೇಸಗೆಯನ್ನು ಕಳೆಯುತ್ತಿದ್ದರು. 1927ರಲ್ಲಿ ಅಸ್ವಸ್ಥರಾಗಿದ್ದ ಮಹಾತ್ಮಾ ಗಾಂಧಿಯವರು ವಿಶ್ರಾಂತಿಗಾಗಿ ಬಂದುದೂ ಇಲ್ಲಿಗೇ. ಇಂದಾದರೋ ಭಾನುವಾರ ಬೆಳಕು ಹರಿಯುವ ಮೊದಲೇ ಹೆಬ್ಬಾಳ, ಯಲಹಂಕಗಳ ಮಾರ್ಗವಾಗಿ ವಾಹನಗಳ ಸಾಲು ಅತ್ತ ಧಾವಿಸುತ್ತದೆ.

ನಂದಿಯು ಕೇವಲ ವಿಹಾರಸ್ಥಾನವಲ್ಲ. ಅರ್ಕಾವತಿಯ ಉಗಮವು ಈ ಗಿರಿಪ್ರದೇಶದಲ್ಲಿಯೇ ಇದೆ. ಹೆಸರುಘಟ್ಟದ ಕೆರೆಯೂ ತಿಪ್ಪಗೊಂಡನಹಳ್ಳಿಯ ಜಲಾಶಯವೂ ಆ ನದಿಯ ನೀರನ್ನೇ ನಂಬಿ ನಿರ್ಮಿತವಾದುವು. 2021ರ ಆಗಸ್ಟ್ ತಿಂಗಳಿನ ಮಳೆಗೆ ಇಲ್ಲಿ ಗುಡ್ಡ ಕುಸಿದು ಮೇಲಣ ದಾರಿಯೇ ಮುಚ್ಚಿಹೋಯಿತು. 2023ರ ಜನವರಿಯಲ್ಲಿ ಹಿಮಾಲಯದ ಜೋಶಿಮಠದಲ್ಲಿ ನೆಲ ಕುಸಿದು ಮನೆಗಳು ಬಿರುಕುಬಿಟ್ಟು, ಜನರು ನೆಲೆ ತೊರೆಯಬೇಕಾಯಿತು. ಎರಡು ಸ್ಥಳಗಳ ಮಣ್ಣು ಬೇರೆಯಾದರೂ ಪಾಠವೊಂದೇ: ಬೆಟ್ಟವು ಹೊರುವ ಭಾರಕ್ಕೆ ಮಿತಿಯುಂಟು.

ಅದೇ ವರ್ಷದ ಮಾರ್ಚಿಯಲ್ಲಿ ನಂದಿಯ ರೋಪ್‌ವೇಗೆ ಶಂಕುಸ್ಥಾಪನೆಯಾಯಿತು. ಅದರಿಂದ ವಾಹನಗಳು ಕಡಿಮೆಯಾಗುವುವೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಖಾಸಗಿ ವಾಹನಗಳನ್ನು ತಪ್ಪಲಿನಲ್ಲಿಯೇ ನಿಲ್ಲಿಸದಿದ್ದರೆ ಆ ಹಗ್ಗದ ದಾರಿಯು ಜನಸಂದಣಿಗೆ ಇನ್ನೊಂದು ಬಾಗಿಲಾಗುವುದಲ್ಲದೆ ಪರಿಹಾರವಾಗಲಾರದು. ಆದಕಾರಣ ಸರ್ಕಾರವು ಮೊದಲು ದಿನವೊಂದಕ್ಕೆ ಮೇಲೇರಬಹುದಾದ ಜನರ ಸಂಖ್ಯೆಯನ್ನು ತಜ್ಞರಿಂದ ನಿರ್ಧರಿಸಿ ಪ್ರಕಟಿಸಲಿ. ತಪ್ಪಲಿನಿಂದ ಸಾರ್ವಜನಿಕ ಬಸ್ಸುಗಳನ್ನು ನಡೆಸಲಿ. ಸಂದರ್ಶಕರು ಕೊಂಚ ಕಾಯಬೇಕಾಗಬಹುದು. ಕಾದು ಏರಿದವರಿಗಾದರೂ ಅಲ್ಲಿ ಬೆಟ್ಟವೂ ಮೌನವೂ ದೊರೆಯಬೇಕು.