ಉತಾರ ಎಲ್ಲರಿಗೂ ಕಾಣ್ತದ, ಕೋಡ್ ಯಾರಿಗೂ ಕಾಣಲ್ಲ

ಹಾಸ್ಟೆಲ್‌ನಲ್ಲಿ ರಾತ್ರಿ ಊಟ ಆದಮೇಲೆ ಪ್ರೈವಸಿ ಬಗ್ಗೆ ವಾದ ಶುರುವಾದ್ರೆ ಅದು ಯಾವಾಗಲೂ ಅದೇ ನಾಲ್ಕು ಮಾತಿನ ಸುತ್ತ ತಿರುಗುತ್ತದೆ. ವಾಟ್ಸಾಪ್ ಬಿಟ್ಟು ಸಿಗ್ನಲ್‌ಗೆ ಹೋಗಬೇಕು ಅಂತ ಒಬ್ಬ. ಐಫೋನ್ ಇದ್ದವರಿಗೆ ಚಿಂತೆ ಇಲ್ಲ ಅಂತ ಇನ್ನೊಬ್ಬ. ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಂಡವನು ಉಳಿದವರನ್ನೆಲ್ಲ ಪಾಪದವರು ಅನ್ನೋ ಹಾಗೆ ನೋಡ್ತಾನೆ. ಮೂಲೆಯಲ್ಲಿ ಕೂತವನು ಕೊನೆಗೆ ಒಂದು ಮಾತು ಒಗೀತಾನೆ: "ನಮ್ಮ ಹತ್ರ ಮುಚ್ಚಿಡೂದು ಏನೈತಿಲೇ? ನೋಡಿದ್ರ ನೋಡ್ಲಿ ಬಿಡು." ಅಲ್ಲಿಗೆ ಎಲ್ಲರೂ ರೂಮಿಗೆ.

ನಾವು ಲಚ್ಯಾಣ, ಇಂಡಿ, ಸಿಂದಗಿ ಕಡೆಯವರು. ಮುಚ್ಚಿಡೋದು ಏನಿದೆ ಅನ್ನೋ ಪ್ರಶ್ನೆಗೆ ನಮ್ಮ ಉತ್ತರ ಫೋನಿನಲ್ಲಿಲ್ಲ, ಅಪ್ಪನ ಉತಾರದಲ್ಲಿದೆ. ಬೆಂಗಳೂರು, ಮೈಸೂರು ಕಡೆಯ ಗೆಳೆಯರಿಗೆ ಹೇಳಬೇಕೆಂದರೆ, ನೀವು ಪಹಣಿ ಅನ್ನೋದನ್ನೇ ನಾವು ಉತಾರ ಅಂತೀವಿ. ಹಳ್ಳಿಯ ಮನೆಗಳ ಮಟ್ಟಿಗೆ ಪ್ರೈವಸಿ ಮತ್ತು ಮುಕ್ತ ತಂತ್ರಾಂಶದ ನಿಜವಾದ ಜಗಳ ಅಲ್ಲಿದೆ ಅಂತ ನಮ್ಮ ವಾದ. ಅದು ಈಗ ತಲೆಕೆಳಗಾಗಿ ನಿಂತಿದೆ: ಜನರ ಮಾಹಿತಿ ಎಲ್ಲರಿಗೂ ತೆರೆದಿದೆ, ಅದನ್ನು ನಡೆಸುವ ತಂತ್ರಾಂಶ ಮುಚ್ಚಿದೆ.

ಮೊದಲು ಒಳ್ಳೆಯದನ್ನು ಹೇಳಿಬಿಡೋಣ. 2000ರ ಸುಮಾರಿಗೆ ಭೂಮಿ ಯೋಜನೆ ಬರುವ ಮುಂಚೆ ರಾಜ್ಯದ ಹೊಲಗಳ ಲೆಕ್ಕವೆಲ್ಲ ಸುಮಾರು 9,000 ಗ್ರಾಮ ಲೆಕ್ಕಿಗರ ದಫ್ತರದಲ್ಲಿ, ಅವರ ಕೈಬರಹದಲ್ಲಿ ಇತ್ತು. ಊರಿನ ಹಿರಿಯರು ಇವತ್ತಿಗೂ ಅವರನ್ನು ತಲಾಠಿ ಅಂತಲೇ ಕರೀತಾರೆ. ತಲಾಠಿ ಮನಸ್ಸು ಮಾಡಿದರೆ ಉತಾರ ಸಿಗ್ತಿತ್ತು, ಮಾಡದಿದ್ದರೆ ನಾಳೆ ಬಾ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದವರು ತಂತ್ರಾಂಶ ಬರೆದರು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಹೋದವು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಕೈಗೆ ಬರ್ತಿತ್ತು. ದೇಶವೇ ಬಂದು ನೋಡಿಹೋದ ಕೆಲಸ ಅದು. ಯಾರು ಬೇಕಾದರೂ ನೋಡಬಹುದು ಅನ್ನುವುದೇ ಅದರ ಬಲವಾಗಿತ್ತು, ಏಕೆಂದರೆ ಕದ್ದು ತಿದ್ದೋದು ಕಷ್ಟ ಆಯಿತು. ಹಾಗಾಗಿ ಉತಾರವನ್ನು ಮತ್ತೆ ದಫ್ತರದೊಳಗೆ ಕಟ್ಟಿಡಿ ಅಂತ ನಾವು ಹೇಳ್ತಾ ಇಲ್ಲ.

ಆದರೆ ಕಿಟಕಿಯ ಮುಂದೆ ನಿಂತು ಕೇಳುವುದಕ್ಕೂ ಮೊಬೈಲಿನಲ್ಲಿ ಕೂತಲ್ಲೇ ನೋಡುವುದಕ್ಕೂ ವ್ಯತ್ಯಾಸ ಇದೆ. ಈಗ ಜಿಲ್ಲೆ, ತಾಲೂಕು, ಹೋಬಳಿ, ಊರು, ಸರ್ವೆ ನಂಬರ್ ಒತ್ತಿದರೆ ಮಾಲೀಕರ ಹೆಸರು, ಅಪ್ಪನ ಹೆಸರು, ಅಣ್ಣತಮ್ಮಂದಿರ ಪಾಲು, ಬೆಳೆ ಎಲ್ಲ ಬರ್ತದೆ. 11ನೇ ಕಾಲಂನಲ್ಲಿ ಯಾವ ಬ್ಯಾಂಕಿನಲ್ಲಿ, ಯಾವ ಸೊಸೈಟಿಯಲ್ಲಿ ಎಷ್ಟು ಸಾಲ ಅನ್ನೋದೂ ಬರ್ತದೆ. ಕನ್ಯಾ ನೋಡೋಕೆ ಬರುವ ಮುಂಚೆ ಬೀಗರು ಅದನ್ನು ನೋಡಿರ್ತಾರೆ. ಬರಗಾಲದ ವರ್ಷ ಯಾರ ಲಿಂಬೆ ತೋಟ ಕಡಿಮೆ ರೇಟಿಗೆ ಸಿಗಬಹುದು ಅಂತ ಲೆಕ್ಕ ಹಾಕುವ ಏಜೆಂಟರೂ ನೋಡಿರ್ತಾರೆ. "ಮುಚ್ಚಿಡೂದು ಏನೈತಿ" ಅಂದವನ ಅಪ್ಪನ ಸಾಲ ನಮಗೆ ಎರಡು ನಿಮಿಷದಲ್ಲಿ ಗೊತ್ತಾಗ್ತದೆ. ಗೊತ್ತು ಮಾಡಿಕೊಳ್ಳೋದು ಸರಿಯಲ್ಲ ಅಂತ ಸುಮ್ಮನಿದ್ದೇವೆ, ಅಷ್ಟೇ.

ಸಾಲದ ವಿಷಯ ಮರ್ಯಾದೆಗೆ ಸಂಬಂಧಿಸಿದ್ದು ಅಂತ ಬಿಟ್ಟರೂ 2023ರಲ್ಲಿ ಆಗಿದ್ದು ನೇರ ದುಡ್ಡಿನ ವಿಷಯ. ಆಸ್ತಿ ನೋಂದಣಿಯ ಕಾವೇರಿ ಪೋರ್ಟಲ್‌ನಲ್ಲಿ ಖರೀದಿ ಪತ್ರಗಳ ಪ್ರತಿ ಸಿಗ್ತಿತ್ತು. ಆ ಪತ್ರದಲ್ಲಿ ಆಧಾರ್ ಸಂಖ್ಯೆ ಇತ್ತು, ಹೆಬ್ಬೆಟ್ಟಿನ ಗುರುತೂ ಇತ್ತು. ಕಳ್ಳರು ಆ ಗುರುತಿನಿಂದ ನಕಲಿ ಬೆರಳಚ್ಚು ಮಾಡಿಕೊಂಡು ಜನರ ಖಾತೆಯಿಂದ ದುಡ್ಡು ತೆಗೆದರು. ಆಧಾರ್ ಆಧಾರಿತ ಪಾವತಿಗೆ ಒಟಿಪಿ ಬೇಡ, ಪಿನ್ ಬೇಡ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು, ಇಷ್ಟೇ ಸಾಕು. ದೂರುಗಳು ಬಂದ ಮೇಲೆ ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡಿದರು. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು, ಹೆಬ್ಬೆಟ್ಟು ಬದಲಾಯಿಸೋದು ಹೇಗ್ರೀ?

ಇನ್ನು ಮುಚ್ಚಿದ ಕಡೆಗೆ ಬರೋಣ.

2024ರಲ್ಲಿ ಕಂದಾಯ ಇಲಾಖೆ ಉತಾರಕ್ಕೆ ಆಧಾರ್ ಜೋಡಿಸುವ ಕೆಲಸ ಶುರು ಮಾಡಿತು. ಉದ್ದೇಶ ಒಳ್ಳೆಯದೇ, ಬೇರೆಯವರ ಹೊಲವನ್ನು ನಕಲಿ ಮಾಲೀಕ ಮಾರಬಾರದು ಅಂತ. ಆದರೆ ಒಬ್ಬ ಎಂಜಿನಿಯರ್ ಕಣ್ಣಿನಿಂದ ನೋಡಿ. ಲಚ್ಯಾಣದಲ್ಲಿ ಸಿದ್ಧಲಿಂಗ ಮಹಾರಾಜರ ಮಠ ಇದೆ, ಹಾಗಾಗಿ ಸುತ್ತಲಿನ ಊರುಗಳಲ್ಲಿ ಆ ಹೆಸರಿನವರಿಗೆ ಕೊರತೆ ಇಲ್ಲ. ಉತಾರದಲ್ಲಿ "ಸಿದ್ದಲಿಂಗಪ್ಪ ತಂ. ಮಲ್ಲಪ್ಪ" ಅಂತ ಇರ್ತದೆ. ಆಧಾರ್‌ನಲ್ಲಿ ಅದೇ ಮನುಷ್ಯ "ಸಿದ್ಧಲಿಂಗ ಮಲ್ಲಪ್ಪ" ಆಗಿ, ಕೊನೆಗೊಂದು ಮನೆತನದ ಹೆಸರು ಸೇರಿಸಿಕೊಂಡಿರ್ತಾನೆ. ಒಂದು ಕಡೆ ದ, ಇನ್ನೊಂದು ಕಡೆ ಧ. ಇಂಗ್ಲಿಷಿಗೆ ಹೋದರೆ ಇನ್ನೂ ಮೂರು ರೂಪ. ಈ ಎರಡೂ ಒಬ್ಬನೇ ಅಂತ ತೀರ್ಮಾನ ಮಾಡೋದು ಹೇಗೆ? ಎಷ್ಟು ಅಕ್ಷರ ಹೊಂದಿದರೆ ಸರಿ, ಎಷ್ಟು ತಪ್ಪಿದರೆ ಬೇರೆ ಮನುಷ್ಯ? ಡಾಟಾ ಸ್ಟ್ರಕ್ಚರ್ ಕ್ಲಾಸಿನಲ್ಲಿ ಎಡಿಟ್ ಡಿಸ್ಟನ್ಸ್ ಅಂತ ಹತ್ತು ಮಾರ್ಕಿಗೆ ಬರೀತೀವಲ್ಲ, ಅದೇ ಪ್ರಶ್ನೆ. ನಮಗೆ ಹತ್ತು ಮಾರ್ಕು, ರೈತನಿಗೆ ಬೆಳೆ ಪರಿಹಾರ. ಹೆಸರು ಹೊಂದಲಿಲ್ಲ ಅಂತ ದುಡ್ಡು ನಿಂತರೆ ಅವನು ನಾಡಕಚೇರಿಗೆ ಹೋಗ್ತಾನೆ, ಅಲ್ಲಿಯವರು "ಸಿಸ್ಟಮ್ ತಗೋತಿಲ್ಲ ನೋಡ್ರಿ" ಅಂತಾರೆ. ಅವರದೂ ತಪ್ಪಲ್ಲ, ಸಿಸ್ಟಮ್ ಯಾಕೆ ತಗೋತಿಲ್ಲ ಅಂತ ಅವರಿಗೂ ಕಾಣಲ್ಲ. ಅದೇ 2024ರಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಕೂತಿದ್ದು ನೆನಪಿರಬಹುದು. ಹತ್ತಕ್ಕೂ ಹೆಚ್ಚು ಆ್ಯಪ್‌ಗಳಲ್ಲಿ ಕೆಲಸ ಮಾಡಿ ಅಂತಾರೆ, ಸರಿಯಾದ ಸಲಕರಣೆ ಕೊಡಲ್ಲ ಅನ್ನೋದು ಅವರ ದೂರಿನಲ್ಲಿ ಒಂದು.

ಅದೇ ವರ್ಷ ಅಕ್ಟೋಬರ್‌ನಲ್ಲಿ ವಿಜಯಪುರ ಜಿಲ್ಲೆಯಲ್ಲಿ ವಕ್ಫ್ ವಿವಾದ ಎದ್ದಿತು. ಇಂಡಿ ತಾಲೂಕಿನ ಕೆಲವು ಉತಾರಗಳ 11ನೇ ಕಾಲಂನಲ್ಲಿ ರೈತರಿಗೆ ನೋಟಿಸ್ ಇಲ್ಲದೆ ನಮೂದು ಆಗಿದೆ ಅಂತ ಸರ್ಕಾರವೇ ಒಪ್ಪಿಕೊಂಡು, ಸರಿ ಮಾಡ್ತೇವೆ ಅಂದಿತು. ಹೊಲ ಯಾರದು ಅನ್ನುವ ವಾದಕ್ಕೆ ನಾವು ಇಲ್ಲಿ ಇಳಿಯಲ್ಲ, ಅದಕ್ಕೆ ಟಿವಿಯವರು ಸಾಕು. ನಮಗೆ ಆಶ್ಚರ್ಯ ಆಗಿದ್ದು ಬೇರೆ. ಅಷ್ಟು ದಿನ ಅಷ್ಟು ಜನ ಮಾತಾಡಿದರು. ನೋಟಿಸ್ ಹೋಗದೆ ಆ ಕಾಲಂ ಬದಲಾಗಲು ತಂತ್ರಾಂಶ ಬಿಟ್ಟಿದ್ದು ಹೇಗೆ ಅನ್ನುವ ಪ್ರಶ್ನೆ ಮಾತ್ರ ಆ ಗದ್ದಲದಲ್ಲಿ ನಮ್ಮ ಕಿವಿಗೆ ಬೀಳಲಿಲ್ಲ. ನೋಟಿಸ್ ದಾಖಲೆ ಇಲ್ಲದಿದ್ದರೆ ಸೇವ್ ಬಟನ್ ಒತ್ತೋಕೇ ಬರಬಾರದು ಅಂತ ಒಂದು ಷರತ್ತು ಬರೆದರೆ ಸಾಕಾಗುವ ಕೆಲಸ ಅದು. ಆ ಷರತ್ತು ಇತ್ತಾ, ಇಲ್ಲವಾ? ಕೋಡ್ ಎಲ್ಲೂ ಪ್ರಕಟವಾಗಿಲ್ಲವಾದ್ದರಿಂದ ಹೊರಗಿನವರು ಯಾರೂ ನೋಡಿ ಹೇಳುವ ಹಾಗಿಲ್ಲ.

ಇಷ್ಟು ಹೇಳಿದ ಕೂಡಲೇ ಒಂದು ಆಕ್ಷೇಪ ಬರ್ತದೆ: "ಕೋಡ್ ತೆರೆದಿಟ್ಟರ ಕಳ್ಳರಿಗೂ ಸಿಗ್ತದಲ್ಲೋ." ಬೀಗ ಹೇಗೆ ಮಾಡಿದೆ ಅಂತ ಎಲ್ಲರಿಗೂ ಗೊತ್ತಿದ್ದರೂ ಕೀಲಿ ಒಬ್ಬನ ಹತ್ತಿರ ಇದ್ದರೆ ಸಾಕು ಅಂತ ಕೆರ್ಕಾಫ್ಸ್ 1883ರಲ್ಲೇ ಹೇಳಿದ್ದ. ನಮ್ಮ ಸಿಲಬಸ್‌ನಲ್ಲೂ ಇದೆ, ಓದಿ ಮರೆತಿರ್ತೀವಿ. ಹಾಗಂತ ಮುಕ್ತ ತಂತ್ರಾಂಶ ಅಂದರೆ ತಾನಾಗಿಯೇ ಸುರಕ್ಷಿತ ಅನ್ನುವ ಲಿನಕ್ಸ್ ಗೆಳೆಯನ ಮಾತನ್ನೂ ನಾವು ಒಪ್ಪಲ್ಲ. 2014ರ ಹಾರ್ಟ್‌ಬ್ಲೀಡ್ ದೋಷ ತೆರೆದ ಕೋಡಿನಲ್ಲೇ ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಕೂತಿತ್ತು. ಆದರೆ 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಣ್ಣ ಉಪಕರಣದಲ್ಲಿ ಯಾರೋ ಬೇಕಂತಲೇ ಕಳ್ಳಬಾಗಿಲು ಇಟ್ಟಿದ್ದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಹಿಡಿದ. ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆ ಅನ್ನೋದೇ ಅವನಿಗೆ ಸಿಕ್ಕ ಸುಳಿವು. ಅನುಮಾನ ಬಂದಾಗ ಒಳಗೆ ಇಣುಕಿ ನೋಡೋಕೆ ಅವನಿಗೆ ಸಾಧ್ಯ ಇತ್ತು. ನಾಡಕಚೇರಿಯ ಮುಂದೆ ನಿಂತ ನಮಗೆ ಅನುಮಾನ ಮಾತ್ರ ಇದೆ.

ನಮ್ಮಲ್ಲಿ ಇದು ಆಗಲ್ಲ ಅನ್ನುವವರು ಬೆಂಗಳೂರಿನ ಐಐಐಟಿ ಕಡೆ ನೋಡಬೇಕು. ಅಲ್ಲಿ 2018ರಿಂದ ಬೆಳೆದ ಮೊಸಿಪ್ ಅನ್ನುವ ಗುರುತಿನ ವ್ಯವಸ್ಥೆಯ ಕೋಡ್ ಪೂರ್ತಿ ತೆರೆದಿದೆ. ಫಿಲಿಪೀನ್ಸ್, ಮೊರಾಕ್ಕೊ ದೇಶಗಳು ಅದನ್ನು ತಗೊಂಡಿವೆ. ಮನಿಲಾದ ಹುಡುಗ ತನ್ನ ದೇಶದ ಗುರುತಿನ ಚೀಟಿಯ ತಳಹದಿಯ ಕೋಡ್ ಓದಬಹುದು. ಅದನ್ನು ಬರೆದ ರಾಜ್ಯದ ಹುಡುಗರಾದ ನಾವು ನಮ್ಮ ಉತಾರದ ಕೋಡ್ ಓದುವ ಹಾಗಿಲ್ಲ! ಸರ್ಕಾರಿ ತಂತ್ರಾಂಶದ ಕೋಡ್ ತೆರೆದಿಡಬೇಕು ಅನ್ನುವ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಪ್ರಕಟಿಸಿದೆ. 2020ರಲ್ಲಿ ಆರೋಗ್ಯ ಸೇತು ಆ್ಯಪ್‌ನ ಆಂಡ್ರಾಯ್ಡ್ ಕೋಡ್ ಅನ್ನು, ಜನ ಕೇಳಿ ಕೇಳಿ ಗದ್ದಲ ಮಾಡಿದ ಮೇಲೆ, ತೆರೆದರು. ಅಂದರೆ ಕೇಳಿದರೆ ಆಗ್ತದೆ.

ಮುಚ್ಚಿದ ತಂತ್ರಾಂಶ ಏನು ಮಾಡ್ತದೆ ಅಂತ ಕನ್ನಡದವರಿಗಂತೂ ಬೇರೆ ಉದಾಹರಣೆ ಬೇಕಿಲ್ಲ. ಹಳೆಯ ನುಡಿ, ಬರಹ ಫೈಲುಗಳನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಗೊತ್ತು, ಪರದೆ ತುಂಬ ಇಂಗ್ಲಿಷ್ ಚಿಹ್ನೆಗಳ ಕಲಸುಮೇಲೋಗರ. ತಂತ್ರಾಂಶ ಪುಕ್ಕಟೆ ಸಿಕ್ಕಿತ್ತು, ಹೌದು. ಆದರೆ ನಾವು ಬರೆದ ಕನ್ನಡ ಆ ಫಾಂಟಿನ ಒಳಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿದ್ದು ಅರವಿಂದ ವಿ.ಕೆ. ಬರೆದು ತೆರೆದಿಟ್ಟ ಯುನಿಕೋಡ್ ಪರಿವರ್ತಕದಂಥ ಕೋಡ್. ಬೇರೆಯವರು ಅದನ್ನು ತಗೊಂಡು, ತಿದ್ದಿ, ಬೇರೆ ಭಾಷೆಗಳಲ್ಲಿ ಮತ್ತೆ ಬರೆದು ಬೆಳೆಸಿದರು. ಪುಕ್ಕಟೆ ಬೇರೆ, ಮುಕ್ತ ಬೇರೆ ಅಂತ ಇಂಗ್ಲಿಷಿನವರು ಇವತ್ತಿಗೂ ಒಂದೇ ಪದ ಇಟ್ಟುಕೊಂಡು ಒದ್ದಾಡ್ತಾರೆ. ನಮಗೆ ಎರಡು ಪದ ಇವೆ.

ಕಾನೂನು ಇದೆಯಲ್ಲ ಅನ್ನಬಹುದು. ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಕೋರ್ಟಿಗೆ ಹೋದಾಗ ಅವರ ವಯಸ್ಸು 80 ದಾಟಿತ್ತು, ನಮಗೆ ಇಪ್ಪತ್ತಕ್ಕೇ ಸುಸ್ತು. 2023ರಲ್ಲಿ ಡಾಟಾ ಸಂರಕ್ಷಣೆಯ ಕಾಯ್ದೆಯೂ ಬಂತು. ಆದರೆ ಆ ಕಾಯ್ದೆ ಕಂಪನಿಗಳಿಗೆ ಹೇಳುವಷ್ಟು ಬಿಗಿಯಾಗಿ ಸರ್ಕಾರಕ್ಕೆ ಹೇಳಲ್ಲ. ಸಬ್ಸಿಡಿ, ಸೌಲಭ್ಯ ಕೊಡುವ ಕೆಲಸಕ್ಕೆ ಸರ್ಕಾರ ಹೊಸದಾಗಿ ಒಪ್ಪಿಗೆ ಕೇಳದೆಯೂ ನಮ್ಮ ಮಾಹಿತಿ ಬಳಸಬಹುದು. ರೈತನ ಮಾಹಿತಿ ಬಹುಪಾಲು ಇರೋದು ಅಲ್ಲೇ.

ನಾವು ಕೇಳುವುದು ದೊಡ್ಡದೇನಲ್ಲ. ಮಾಲೀಕನ ಹೆಸರು, ವಿಸ್ತೀರ್ಣ ಎಲ್ಲರಿಗೂ ಕಾಣಲಿ. ಸಾಲದ ವಿವರ ಬೇಕಾದವರು, ಬ್ಯಾಂಕಿನವರಾಗಲಿ ಕೊಳ್ಳುವವರಾಗಲಿ, ಮಾಲೀಕನ ಒಪ್ಪಿಗೆ ಪಡೆದು ನೋಡಲಿ. ಉತಾರದಲ್ಲಿ ಒಂದು ಅಕ್ಷರ ಬದಲಾದರೂ ಯಾರು, ಯಾವಾಗ, ಯಾವ ಆದೇಶದ ಮೇಲೆ ಅಂತ ಮಾಲೀಕನಿಗೆ ಅದೇ ದಿನ ಗೊತ್ತಾಗಲಿ. ಹೆಸರು ಹೊಂದಿಸುವ ನಿಯಮ, ನೋಟಿಸಿನ ನಿಯಮ ಇರುವ ಕೋಡ್ ಭಾಗವನ್ನಾದರೂ ತೆರೆದಿಡಲಿ. ಫೈನಲ್ ಇಯರ್ ಪ್ರಾಜೆಕ್ಟಿಗೆ ಮತ್ತೊಂದು ಅಟೆಂಡೆನ್ಸ್ ಆ್ಯಪ್ ಮಾಡುವ ಬದಲು ಕನ್ನಡ ಹೆಸರುಗಳನ್ನು ಹೊಂದಿಸುವ ಒಂದು ಒಳ್ಳೆಯ ಲೈಬ್ರರಿ ಬರೆದು ತೆರೆದಿಟ್ಟರೆ, ನಾಳೆ ಇಲಾಖೆಯವರಿಗೂ ಬೇಡ ಅನ್ನೋಕೆ ಕಾರಣ ಇರಲ್ಲ. ನಮ್ಮಲ್ಲಿ ಮೂವರು ಒಪ್ಪಿದ್ದೇವೆ, ಗೈಡ್ ಸರ್ ಇನ್ನೂ ಒಪ್ಪಬೇಕು.

ಅಲ್ಲಿವರೆಗೆ ಒಂದು ಕೆಲಸ ಈ ರಜೆಯಲ್ಲೇ ಆಗ್ತದೆ. ಆಧಾರ್ ವೆಬ್‌ಸೈಟ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಅಂತ ಒಂದು ಆಯ್ಕೆ ಇದೆ. ಅದನ್ನು ಹಾಕಿದರೆ ನಕಲಿ ಬೆರಳಿನಿಂದ ದುಡ್ಡು ತೆಗೆಯೋಕೆ ಆಗಲ್ಲ. ಅಪ್ಪ ಅವ್ವನ ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆ ಆಗಿರಬೇಕು, ಅದನ್ನು ಮೊದಲು ನೋಡಿ. ಒಂದು ತೊಡಕು ಇದೆ: ಲಾಕ್ ಇದ್ದಾಗ ರೇಷನ್ ಅಂಗಡಿಯ ಮಷೀನಿನಲ್ಲೂ ಬೆರಳು ತಗೊಳ್ಳಲ್ಲ, ಆ ಹೊತ್ತಿಗೆ ತೆಗೆದು ಮತ್ತೆ ಹಾಕಬೇಕು. ನಾವು ಹಾಸ್ಟೆಲ್‌ನಲ್ಲಿರ್ತೀವಿ, ಅವ್ವ ರೇಷನ್ ಪಾಳಿಯಲ್ಲಿ ನಿಂತಿರ್ತಾಳೆ. ಊರಲ್ಲಿರುವ ತಮ್ಮನಿಗೋ ತಂಗಿಗೋ ಅದನ್ನು ಕಲಿಸಿ ಬನ್ನಿ.